ಕೈಬಿಟ್ಟ ಖಂಡ: ಮೇಲುಸ್ತುವಾರಿ ಬಿಡುಗಡೆಯ ರದ್ದತಿ ಮತ್ತು ಮೇಲ್ಮನವಿಯ ಇತಿಹಾಸದ ಒಂದು ಎಳೆ

ಅಮೆರಿಕದ ಆರನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಲೂಯಿಸ್ ಪ್ರಕರಣದಲ್ಲಿ ಕೊಟ್ಟ ವ್ಯಾಖ್ಯಾನ 18 ವರ್ಷ ಬಾಳಿತು. ಅಷ್ಟು ಬಾಳುವ ಸತ್ವ ಅದರಲ್ಲಿರಲಿಲ್ಲ. ಮೇಲುಸ್ತುವಾರಿ ಬಿಡುಗಡೆಯನ್ನು, ಅಂದರೆ ಜೈಲಿನ ಬಳಿಕ ಷರತ್ತುಗಳಡಿ ಕಳೆಯಬೇಕಾದ ಅವಧಿಯನ್ನು, ರದ್ದುಪಡಿಸುವಾಗ ಗಮನಿಸಬೇಕಾದ ಅಂಶಗಳನ್ನು ಫೆಡರಲ್ ಶಿಕ್ಷಾ ಕಾಯಿದೆಯ 3583ನೇ ಕಲಂನ (ಇ) ಉಪಕಲಂ ಪಟ್ಟಿ ಮಾಡುತ್ತದೆ. ಅದರಲ್ಲಿ 3553(ಎ)(2)(ಎ) ಇಲ್ಲ, ಅಂದರೆ ಅಪರಾಧದ ಗಾಂಭೀರ್ಯ, ಕಾನೂನಿನ ಮೇಲಿನ ಗೌರವ, ತಕ್ಕ ಶಿಕ್ಷೆ ಇವು ಮೂರೂ ಇಲ್ಲ. ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ನಿಷೇಧವಲ್ಲ ಎಂಬುದೇ ಲೂಯಿಸ್ ತೀರ್ಪಿನ ಸಾರ.

ಈ ವಾದಕ್ಕೆ ಮೊದಲ ಪೆಟ್ಟು ಅದೇ ಕಾಯಿದೆಯ ಇನ್ನೊಂದು ಕಲಮಿನಿಂದ ಬೀಳುತ್ತದೆ. ಪ್ರೊಬೇಷನ್ ರದ್ದತಿಯ 3565ನೇ ಕಲಂ 3553(ಎ)ಯ ಅಂಶಗಳನ್ನು ಅನ್ವಯಿಸುವ ಮಟ್ಟಿಗೆ ಎಲ್ಲವನ್ನೂ ಒಳಕೊಳ್ಳುತ್ತದೆ. ಪ್ರೊಬೇಷನ್ ಜೈಲಿಗೆ ಬದಲಾಗಿ ಕೊಟ್ಟದ್ದು, ಹಾಗಾಗಿ ಅಲ್ಲಿ ಶಿಕ್ಷೆಯ ಬಾಕಿ ಉಳಿದಿರುತ್ತದೆ. ಮೇಲುಸ್ತುವಾರಿ ಬಿಡುಗಡೆ ಜೈಲು ಮುಗಿದ ಮೇಲಿನದು. 1983ರ ಸೆನೆಟ್ ವರದಿಯೂ (98-225) ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ: ಶಿಕ್ಷೆಗೆಂದು ಈ ಅವಧಿಯನ್ನು ವಿಧಿಸುವಂತಿಲ್ಲ, ಆ ಉದ್ದೇಶ ಸೆರೆವಾಸದಲ್ಲೇ ಈಡೇರಿರುತ್ತದೆ.

ವರದಿಯನ್ನು ಇಷ್ಟಕ್ಕೇ ಬಿಟ್ಟರೆ ಎದುರಾಳಿಗಳು ನಗುತ್ತಾರೆ, ಅದು ನ್ಯಾಯವೂ ಹೌದು. ವರದಿ ಮಾತಾಡುವುದು ವಿಧಿಸುವ ಬಗ್ಗೆ, ರದ್ದತಿಯ ಬಗ್ಗೆ ಅಲ್ಲ. 3583ನೇ ಕಲಂನ 1984ರ ಮೂಲ ಪಾಠದಲ್ಲಿ ರದ್ದತಿಯೇ ಇರಲಿಲ್ಲ. ಷರತ್ತು ಮುರಿದರೆ ನ್ಯಾಯಾಲಯ ನಿಂದನೆಯ ದಾರಿ ಇತ್ತು. ನಿಂದನೆ ಎಂದರೆ ದಂಡನೆಯೇ. ಹಾಗಾದರೆ (ಇ)ಯ ತಲೆವಾಕ್ಯವನ್ನು, ಅಂದರೆ ಅಂಶಗಳ ಪಟ್ಟಿ ಇರುವ ಆರಂಭದ ಸಾಲನ್ನು, ಬರೆದದ್ದು ರದ್ದತಿಯನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲ, ರದ್ದತಿಗೆ ಅದರ ಕಟ್ಟು ಸಲ್ಲದು ಎನ್ನಬಹುದಲ್ಲ? ಎನ್ನಬಹುದಿತ್ತು, 1986 ಬಾರದೇ ಇದ್ದಿದ್ದರೆ. ಆ ವರ್ಷದ ಮಾದಕವಸ್ತು ನಿಗ್ರಹ ಕಾಯಿದೆ ರದ್ದತಿಯ ಅಧಿಕಾರವನ್ನು ತಂದು ಕೂರಿಸಿದ್ದು ಇದೇ ತಲೆವಾಕ್ಯದ ಕೆಳಗೆ. ಪ್ರತ್ಯೇಕ ಉಪಕಲಂ ಬರೆಯಲು ಕಾಂಗ್ರೆಸ್ಸಿಗೆ ಅಡ್ಡಿಯಿರಲಿಲ್ಲ. 1994ರಲ್ಲಿ ಈ ಕಲಮನ್ನು ಮತ್ತೆ ತಿದ್ದಿದಾಗಲೂ ಕೈಬಿಟ್ಟ ಖಂಡವನ್ನು ಸೇರಿಸಲಿಲ್ಲ. ಒಮ್ಮೆ ಮರೆತರು ಎಂದರೆ ಒಪ್ಪೋಣ. ತಿದ್ದುಪಡಿಯಾದಾಗಲೆಲ್ಲ ಮರೆತರು ಎಂಬುದು ಸಂಶೋಧನೆಯಲ್ಲ, ಹಟ.

(ನಾಲ್ಕನೇ ಸರ್ಕ್ಯೂಟಿನ 2013ರ ವೆಬ್ ತೀರ್ಪು ಇನ್ನೂ ಜಾಣತನದ್ದು. ನಿಷಿದ್ಧ ಅಂಶಗಳು ಅನುಮತಿಸಿದವುಗಳ ಜೊತೆ ಹೆಣೆದುಕೊಂಡಿವೆ, ಬರೀ ಉಲ್ಲೇಖಿಸಿದರೆ ತಪ್ಪಿಲ್ಲ ಎಂದಿತು. ಐದನೇ ಸರ್ಕ್ಯೂಟ್ 2011ರ ಮಿಲ್ಲರ್ ಪ್ರಕರಣದಲ್ಲೇ ಪಟ್ಟಿಯನ್ನು ಸರಿಯಾಗಿ, ಅಂದರೆ ನಿಷೇಧವೆಂದೇ, ಓದಿತ್ತು. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.)

2025ರ ಜೂನ್ 20ರಂದು ಸುಪ್ರೀಂ ಕೋರ್ಟ್ ಎಸ್ಟೆರಾಸ್ ಪ್ರಕರಣದಲ್ಲಿ ಏಳು-ಎರಡರ ಬಹುಮತದಿಂದ ಲೂಯಿಸ್ ಮಾರ್ಗವನ್ನು ಮುಚ್ಚಿತು. ತೀರ್ಪು ಬರೆದವರು ನ್ಯಾಯಮೂರ್ತಿ ಬ್ಯಾರೆಟ್, ಭಿನ್ನಮತ ನ್ಯಾಯಮೂರ್ತಿ ಅಲಿಟೊ ಅವರದು. ಆದರೆ ಮೂಲ ಅಪರಾಧಕ್ಕಲ್ಲದೆ ಷರತ್ತಿನ ಉಲ್ಲಂಘನೆಗೇ ಪ್ರತೀಕಾರದ ಶಿಕ್ಷೆ ಸಲ್ಲುತ್ತದೆಯೇ ಎಂಬುದನ್ನು ಬಹುಮತ ತೀರ್ಮಾನಿಸದೆ ಬಿಟ್ಟಿತು. ರದ್ದತಿಯ ದಂಡ ಮೂಲ ಅಪರಾಧದ ಲೆಕ್ಕಕ್ಕೇ ಸೇರುತ್ತದೆಂದು ಅದೇ ಕೋರ್ಟಿನ 2000ದ ಜಾನ್ಸನ್ ತೀರ್ಪು ಹೇಳಿಯಾಗಿದೆ. ಹಾಗಿದ್ದೂ ಈ ಹಿಂಜರಿಕೆ ಏಕೋ ತಿಳಿಯದು.

ಮೇಲ್ಮನವಿದಾರನಿಗೆ ಮುಳ್ಳು ಇರುವುದು ಬೇರೆಡೆ. ಕೆಳಗಿನ ನ್ಯಾಯಾಲಯದಲ್ಲಿ ಆಕ್ಷೇಪ ಎತ್ತದಿದ್ದರೆ ಸ್ಪಷ್ಟ ಪ್ರಮಾದದ ಮಾನದಂಡವೇ ಗತಿ: ನ್ಯಾಯಾಧೀಶರು ನಿಷಿದ್ಧ ಅಂಶವನ್ನೇ ನೆಚ್ಚಿದ್ದರೆಂಬುದು ಎದ್ದುಕಾಣದಿದ್ದರೆ ಆದೇಶ ಉಳಿಯುತ್ತದೆ. ಸುಪ್ರೀಂ ಕೋರ್ಟಿನ 2020ರ ಹೊಲ್ಗಿನ್-ಹೆರ್ನಾಂಡೆಜ್ ತೀರ್ಪು ತಮ್ಮನ್ನು ಕಾಯುತ್ತದೆಂದು ವಕೀಲರು ನಂಬಿ ಕೂರುವಂತಿಲ್ಲ. ಕಡಿಮೆ ಅವಧಿ ಕೇಳಿದ್ದರೆ ಅವಧಿ ಅತಿಯಾಯಿತೆಂಬ ತಕರಾರು ಉಳಿಯುತ್ತದೆ ಎಂದಷ್ಟೇ ಅಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಬ್ರೇಯರ್ ಹೇಳಿದ್ದು. ಕಾರ್ಯವಿಧಾನದ ತಪ್ಪಿನ ಪ್ರಶ್ನೆಯನ್ನು ಅವರು ಮುಟ್ಟಲಿಲ್ಲ. ಎಸ್ಟೆರಾಸ್ ಪ್ರಕರಣದಲ್ಲಿ ಒಹಾಯೊದ ನ್ಯಾಯಾಧೀಶರು ಕಾನೂನಿನ ಗೌರವದ ಮಾತೆತ್ತಿ 24 ತಿಂಗಳು ವಿಧಿಸಿದ ಕೂಡಲೇ ಪ್ರತಿವಾದಿ ಪಕ್ಷ ಈ ಖಂಡವನ್ನೇ ಹೆಸರಿಸಿ ಆಕ್ಷೇಪಿಸಿತ್ತು. ಅದನ್ನು ತಳ್ಳಿಹಾಕಿದ್ದು ದಾಖಲೆಯಲ್ಲಿತ್ತು. ಮೇಲಿನ ನ್ಯಾಯಾಲಯಗಳು ಊಹಿಸಬೇಕಾದ ಪ್ರಮೇಯ ಬರಲಿಲ್ಲ.