ಪೇಗನ್ ಅಂದರೆ ಹಳ್ಳಿಯವನು

'ಪೇಗನ್' ಪದದ ಮೂಲ ಲ್ಯಾಟಿನ್ನಿನ 'ಪಗಾನುಸ್'. ಮೊದಲ ಅರ್ಥ ಹಳ್ಳಿಯವನು. ನಾಲ್ಕನೇ ಶತಮಾನದ ಕ್ರೈಸ್ತರು ಹಳೆಯ ದೇವರುಗಳನ್ನು ಬಿಡದವರನ್ನು ಹಾಗೆ ಕರೆದರು. 1916ರಲ್ಲಿ ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ದಕ್ಷಿಣ ಭಾರತದ ಗ್ರಾಮದೇವತೆಗಳ ಮೇಲೆ ಪುಸ್ತಕ ತಂದರು. ಆ ಪೂಜೆಯನ್ನು ಅವರು ಮೆಚ್ಚಿದವರಲ್ಲ. ಆದರೂ ತಮಿಳು, ತೆಲುಗು ಸೀಮೆಗಳ ಜೊತೆ ನಮ್ಮ ಕನ್ನಡ ಸೀಮೆಯ ಹಬ್ಬ, ಬಲಿಗಳ ವಿವರವೂ ಅದರಲ್ಲಿದೆ.

ಚೆನ್ನೈಗೆ ಕೆಲಸಕ್ಕೆ ಬಂದ ಮೇಲೆ ಊರಿನ ಮಾರಮ್ಮನ ವಿಷಯ ನಾನು ಆಫೀಸಿನಲ್ಲಿ ಎತ್ತುತ್ತಿರಲಿಲ್ಲ. ಬಲಿ ಕೊಡುವ ದೇವರೆಂದರೆ ಓದಿದವರಿಗೆ ಮುಜುಗರ. ಮೈಲಾಪುರದಲ್ಲಿ ಮುಂಡಗಕಣ್ಣಿ ಅಮ್ಮನ ಗರ್ಭಗುಡಿಗೆ ಇಂದಿಗೂ ತೆಂಗಿನಗರಿಯ ಮಾಡು. ಹತ್ತಿರದ ರೈಲು ನಿಲ್ದಾಣಕ್ಕೂ ಅವಳದೇ ಹೆಸರು. ಇಷ್ಟು ದೊಡ್ಡ ಊರು ಅವಳನ್ನು ಬಚ್ಚಿಟ್ಟಿಲ್ಲ. ಈಗ ಯಾರಾದರೂ ಕೇಳಿದರೆ ನಾನೂ ಹೇಳುತ್ತೇನೆ: ನಮ್ಮ ಮನೆದೇವರು ಮಾರಮ್ಮ, ನಾನು ಹಳ್ಳಿಯವನು.