ತೆರಿಗೆ, ಪುಸ್ತಕ ಮತ್ತು ಓದುಗ: ಪಶ್ಚಿಮ ಬೆಂಗಳೂರಿನ ಬಡಾವಣೆ ಗ್ರಂಥಾಲಯಗಳು

ಕನ್ನಡ ಸಾಹಿತ್ಯ ಚರಿತ್ರೆಯು ಬಹುಮಟ್ಟಿಗೆ ಬರೆದವರ ಚರಿತ್ರೆಯಾಗಿದೆ. ಕವಿ, ಕೃತಿ, ಪಂಥ, ಪತ್ರಿಕೆ ಇವುಗಳನ್ನು ಆಧರಿಸಿಯೇ ಅದರ ಕಾಲವಿಭಜನೆ ನಡೆದಿದೆ. ಬರೆದುದನ್ನು ಯಾರು ಓದಿದರು, ಎಲ್ಲಿ ಓದಿದರು, ಯಾರ ಹಣದಿಂದ ಆ ಪುಸ್ತಕ ಅವರ ಕೈಸೇರಿತು ಎಂಬ ಪ್ರಶ್ನೆಗಳಿಗೆ ಅದರಲ್ಲಿ ದೊರೆತಿರುವ ಸ್ಥಾನ ತೀರ ಕಿರಿದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನೊಳಗೊಂಡ ಪಶ್ಚಿಮ ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯನ್ನು ಈ ಪ್ರಶ್ನೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. 1965ರ ಕಾಯಿದೆಯಿಂದಾಗಿ ಇಲ್ಲಿನ ಸಾಮಾನ್ಯ ಓದುಗನು ಕನ್ನಡ ಪುಸ್ತಕದ ಪೋಷಕನಾದನು. ಆದರೆ ಪುಸ್ತಕವನ್ನು ಆಯುವ ಅಧಿಕಾರ ಅವನಿಗೆ ದೊರೆಯಲಿಲ್ಲ. ಇಲ್ಲಿನ ಗ್ರಂಥಾಲಯಗಳ ಚರಿತ್ರೆಯನ್ನು ಅರಿಯಲು ಈ ಅಂತರವನ್ನು ಗಮನಿಸಲೇಬೇಕು.

ಔದಾರ್ಯದಿಂದ ಹಕ್ಕಿಗೆ

ಮೈಸೂರು ಸಂಸ್ಥಾನದಲ್ಲಿ ಸಾರ್ವಜನಿಕ ಗ್ರಂಥಾಲಯದ ಕಲ್ಪನೆಗೆ ಸರಕಾರಿ ರೂಪ ದೊರೆತದ್ದು ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ (1912-1918). ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಇಂದಿಗೂ ಇರುವ ಗ್ರಂಥಾಲಯವು ಆ ಕಾಲದ ಕೊಡುಗೆ. ಆದರೆ ಅದು ಪ್ರಭುತ್ವದ ಔದಾರ್ಯವಾಗಿತ್ತೇ ಹೊರತು ಪೌರನ ಹಕ್ಕಾಗಿರಲಿಲ್ಲ. ಊರಿನ ಪಶ್ಚಿಮಕ್ಕೆ ಬಿನ್ನಿ, ಮಿನರ್ವ ಗಿರಣಿಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ ಕಾರ್ಮಿಕನಿಗೆ ಕಬ್ಬನ್ ಉದ್ಯಾನವು ದೂರದ್ದೇ ಆಗಿತ್ತು.

ಈ ಸ್ಥಿತಿಯನ್ನು ಬದಲಿಸುವ ಪ್ರಯತ್ನ ಸ್ವಾತಂತ್ರ್ಯಾನಂತರ ನಡೆಯಿತು. 1948ರ ಮದರಾಸು ಕಾಯಿದೆಯ ಹಿಂದಿದ್ದ ಎಸ್.ಆರ್. ರಂಗನಾಥನ್ ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಲ್ಲಿಯೇ ಗ್ರಂಥಾಲಯ ವಿಜ್ಞಾನದ ತರಬೇತಿ ಮತ್ತು ಸಂಶೋಧನ ಕೇಂದ್ರವನ್ನು ಆರಂಭಿಸಿದರು. ಅವರ ಮಾರ್ಗದರ್ಶನದ ಫಲವಾಗಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರಲ್ಲಿ ಅಂಗೀಕಾರವಾಗಿ 1966ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದೇ ವರ್ಷದ ನವೆಂಬರ್ 1ರಂದು ಸಾರ್ವಜನಿಕ ಗ್ರಂಥಾಲಯ ಇಲಾಖೆ ಅಸ್ತಿತ್ವಕ್ಕೆ ಬಂದಿತು.

ಕಾಯಿದೆಯ ಜೀವಾಳವಿರುವುದು ಗ್ರಂಥಾಲಯ ಕರದಲ್ಲಿ. ಮನೆ, ನಿವೇಶನಗಳ ತೆರಿಗೆಯ ಪ್ರತಿ ರೂಪಾಯಿಗೆ ಮೊದಲು 3 ಪೈಸೆಯಂತೆ, ಅನಂತರ 6 ಪೈಸೆಯಂತೆ ಈ ಕರವನ್ನು ವಿಧಿಸಲಾಯಿತು. ಅಂದರೆ 1000 ರೂಪಾಯಿ ಕಂದಾಯ ಕಟ್ಟುವ ಗೃಹಸ್ಥನು ಅದರೊಡನೆ 60 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕಟ್ಟುತ್ತಾನೆ. ಮೊತ್ತ ಅಲ್ಪವಾದರೂ ಅದರ ಅರ್ಥ ದೊಡ್ಡದು. ಗ್ರಂಥಾಲಯದ ಬಾಗಿಲು ದಾನಿಯ ಕೃಪೆಯಿಂದಲ್ಲ, ತೆರಿಗೆದಾರನ ಹಣದಿಂದ ತೆರೆದಿರುತ್ತದೆ ಎಂಬ ತತ್ತ್ವ ಇದರಿಂದ ಸ್ಥಾಪಿತವಾಯಿತು.

ಬಡಾವಣೆಯ ಓದುಗರು

ಕಾಯಿದೆ ಬಂದ ಕಾಲಕ್ಕೆ ಪಶ್ಚಿಮ ಬೆಂಗಳೂರು ಹೊಸ ನೆಲೆಗಳ ಊರಾಗಿತ್ತು. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಮಂಡಲಿಯ ಯೋಜನೆಯಂತೆ, ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ 1949ರ ಸುಮಾರಿಗೆ ತಲೆಯೆತ್ತಿದ ರಾಜಾಜಿನಗರವು ಕೈಗಾರಿಕೆ ಮತ್ತು ವಸತಿ ಎರಡನ್ನೂ ಒಳಗೊಂಡಿತ್ತು. ಸಾಬೂನು ಕಾರ್ಖಾನೆ, ವಿದ್ಯುತ್ ಯಂತ್ರಗಳ ಕಾರ್ಖಾನೆ, ಕಾರ್ಮಿಕರಿಗಾಗಿಯೇ ನಿರ್ಮಾಣವಾದ ಇ.ಎಸ್.ಐ. ಆಸ್ಪತ್ರೆ ಇವು ಆ ಬಡಾವಣೆಯ ಸ್ವರೂಪವನ್ನು ಹೇಳುತ್ತವೆ. ಅದರ ಹಿಂದೆಯೇ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ಹಳೆಯ ಮೈಸೂರಿನ ಜಿಲ್ಲೆಗಳಿಂದ ಬಂದ ಗುಮಾಸ್ತರು, ಶಿಕ್ಷಕರು, ಕಾರ್ಖಾನೆಯ ನೌಕರರು ಇಲ್ಲಿ ನೆಲೆಸಿದರು. ಇವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಅಥವಾ ಎರಡನೆಯ ತಲೆಮಾರಿನವರು. ಓದು ಅವರಿಗೆ ಬಾರದ ವಿದ್ಯೆಯಾಗಿರಲಿಲ್ಲ. ಆದರೆ ಪುಸ್ತಕ ಕೊಳ್ಳುವುದು ದುಬಾರಿಯ ಸಂಗತಿಯಾಗಿತ್ತು.

ಇಂಥ ಓದುಗರು ಓದಿದ್ದೇನು? ತ.ರಾ.ಸು., ಅ.ನ.ಕೃ., ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಕೃಷ್ಣಮೂರ್ತಿ ಪುರಾಣಿಕ ಇವರ ಕಾದಂಬರಿಗಳು, ಎನ್. ನರಸಿಂಹಯ್ಯನವರ ಪತ್ತೇದಾರಿ ಕಥೆಗಳು; ಮುಂದೆ ಸಾಯಿಸುತೆ, ಉಷಾ ನವರತ್ನರಾಂ ಅವರ ಕೃತಿಗಳು; ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ಅನುವಾದಗಳು. 1965ರಲ್ಲಿ ಆರಂಭವಾದ 'ಸುಧಾ' ಮತ್ತು 1983ರ 'ತರಂಗ' ವಾರಪತ್ರಿಕೆಗಳ ಧಾರಾವಾಹಿಗಳು ಈ ಓದಿನ ಹಸಿವನ್ನು ಬೆಳೆಸಿದವು. ಚಲನಚಿತ್ರವೂ ಇದಕ್ಕೆ ಒತ್ತಾಸೆಯಾಯಿತು. 'ಬೆಳ್ಳಿಮೋಡ' (1967), 'ಶರಪಂಜರ' (1971), 'ನಾಗರಹಾವು' (1972), 'ಬಂಗಾರದ ಮನುಷ್ಯ' (1972) ಇವೆಲ್ಲವೂ ಕಾದಂಬರಿಗಳನ್ನು ಆಧರಿಸಿದವು. ಚಿತ್ರ ನೋಡಿ ಬಂದವರು ಪುಸ್ತಕ ಕೇಳುವುದು, ಪುಸ್ತಕ ಓದಿದವರು ಚಿತ್ರಕ್ಕೆ ಹೋಗುವುದು ಸಹಜವಾಗಿತ್ತು.

ಈ ಓದಿಗೆ ಎರಡು ದಾರಿಗಳಿದ್ದವು. ಒಂದು, ದಿನಬಾಡಿಗೆಗೆ ಪುಸ್ತಕ ಕೊಡುವ ಖಾಸಗಿ ಸರ್ಕ್ಯುಲೇಟಿಂಗ್ ಲೈಬ್ರರಿ. ಇನ್ನೊಂದು, ಅಲ್ಪ ಠೇವಣಿಯ ಮೇಲೆ ಎರವಲು ನೀಡುವ ಸರಕಾರಿ ಶಾಖಾ ಗ್ರಂಥಾಲಯ. ಮೊದಲನೆಯದು ಬೇಡಿಕೆಯಿದ್ದಷ್ಟು ಕಾಲ ಮಾತ್ರ ಪುಸ್ತಕವನ್ನು ಉಳಿಸಿಕೊಳ್ಳುತ್ತಿತ್ತು. ಎರಡನೆಯದರಲ್ಲಿ ಹಳೆಯ ಪುಸ್ತಕಕ್ಕೂ ಜಾಗವಿತ್ತು. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಕಾಯಿದೆ ಬರುವುದಕ್ಕೂ ಮೊದಲು. ಆದರೂ ಅವರ ಕಾದಂಬರಿಗಳು ಅನಂತರದ ತಲೆಮಾರುಗಳ ಹೆಣ್ಣುಮಕ್ಕಳಿಗೆ ಓದಲು ದೊರೆತುದರಲ್ಲಿ ಇಂಥ ಗ್ರಂಥಾಲಯಗಳ ಪಾಲು ಸಣ್ಣದಲ್ಲ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಯಾರ ಅಪ್ಪಣೆಯೂ ಬೇಡದ ಒಂದು ಸಾರ್ವಜನಿಕ ಸ್ಥಳವಾಗಿ ಮಹಿಳೆಯರಿಗೆ ಬಡಾವಣೆ ಗ್ರಂಥಾಲಯ ಒದಗಿತು. ವಿಮರ್ಶೆಯು 'ಜನಪ್ರಿಯ' ಎಂದು ಬದಿಗಿರಿಸಿದ ಸಾಹಿತ್ಯವೇ ಗ್ರಂಥಾಲಯವನ್ನು ನಿಜವಾದ ಅರ್ಥದಲ್ಲಿ ಸಾರ್ವಜನಿಕವಾಗಿಸಿತೆಂಬುದನ್ನು ಮರೆಯಲಾಗದು.

ಸಪ್ತಾಹ ಮತ್ತು ಸಮುದಾಯ

ಕೂಡಿ ಓದುವ, ಕೂಡಿ ಕೇಳುವ ಪರಂಪರೆ ಈ ಭಾಗಕ್ಕೆ ಹೊಸದಲ್ಲ. ರಾಜಾಜಿನಗರದ ಕುಮಾರವ್ಯಾಸ ಮಂಟಪದಂತಹ ಸಂಸ್ಥೆಗಳು ಗಮಕದ ಮೂಲಕ ಕಾವ್ಯವನ್ನು ಅಕ್ಷರಸ್ಥರಿಗೂ ಅಲ್ಲದವರಿಗೂ ತಲುಪಿಸಿದವು. ಶಾಖಾ ಗ್ರಂಥಾಲಯದ ಓದು ಮೌನದ್ದು, ಒಂಟಿಯಾದದ್ದು. ವರ್ಷಕ್ಕೊಮ್ಮೆ ಮಾತ್ರ ಅದು ಸಮಾರಂಭದ ರೂಪ ತಳೆಯುತ್ತದೆ. ನವೆಂಬರ್ 14ರಿಂದ 20ರವರೆಗೆ ನಡೆಯುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವೇ ಆ ಸಂದರ್ಭ. 1968ರಿಂದ ದೇಶದಾದ್ಯಂತ ಆಚರಣೆಯಲ್ಲಿರುವ ಈ ಸಪ್ತಾಹವು ಕರ್ನಾಟಕದಲ್ಲಿ ರಾಜ್ಯೋತ್ಸವದ ತಿಂಗಳಿನಲ್ಲಿಯೇ ಬರುವುದರಿಂದ ಅದಕ್ಕೆ ಕನ್ನಡದ ಹಬ್ಬದ ಮೆರುಗು ತಾನಾಗಿ ಒದಗಿದೆ. ಪುಸ್ತಕ ಪ್ರದರ್ಶನ, ಮಕ್ಕಳಿಗೆ ಪ್ರಬಂಧ ಮತ್ತು ಚಿತ್ರಕಲಾ ಸ್ಪರ್ಧೆ, ಲೇಖಕರ ಉಪನ್ಯಾಸ ಇವು ಅದರ ವಾಡಿಕೆಯ ಅಂಗಗಳು. ವಹಿಯಲ್ಲಿ ಕೇವಲ ಸದಸ್ಯಸಂಖ್ಯೆಯಾಗಿದ್ದ ಓದುಗನು ಆ ದಿನಗಳಲ್ಲಿ ಮುಖವುಳ್ಳ ವ್ಯಕ್ತಿಯಾಗಿ ಎದುರು ಬರುತ್ತಾನೆ. ಆದರೆ ಪುಸ್ತಕಗಳ ಆಯ್ಕೆಯಲ್ಲಿ ಅವನ ಮಾತು ಕೇಳುವ ಕ್ರಮವು ಸಪ್ತಾಹದ ವಾಡಿಕೆಯಲ್ಲಿ ಸೇರಿಲ್ಲ.

ದನಿಯಿಲ್ಲದ ಪೋಷಕ

ಕರದ ಹಣದಿಂದ ಪುಸ್ತಕಗಳ ಸಗಟು ಖರೀದಿ ನಡೆಯುತ್ತದೆ. ಮಾರಾಟದ ಜಾಲ ದುರ್ಬಲವಾಗಿರುವ ಕನ್ನಡದಲ್ಲಿ ಈ ಖರೀದಿಯೇ ಎಷ್ಟೋ ಕೃತಿಗಳ ಮುದ್ರಣಕ್ಕೆ ಆಧಾರ. ಹೀಗೆ ಬಸವೇಶ್ವರನಗರದ ಗೃಹಸ್ಥನ ಕಂದಾಯದ ಒಂದಂಶವು ತಾನೆಂದೂ ಕಾಣದ ಕವಿಯ ಸಂಕಲನಕ್ಕೆ ಆಸರೆಯಾಗಿದೆ. ಇದು ಹೆಮ್ಮೆಯ ಸಂಗತಿ. ಆದರೆ ಆಯ್ಕೆಯು ಪ್ರಕಾಶಕರ ಅರ್ಜಿ ಮತ್ತು ಸಮಿತಿಯ ತೀರ್ಮಾನಗಳ ನಡುವೆ ಮುಗಿಯುವುದರಿಂದ, ಓದುಗ ಕೇಳಿದ ಪುಸ್ತಕ ಬಾರದಿರುವುದೂ ಬಂದ ಪುಸ್ತಕವನ್ನು ಯಾರೂ ಕೇಳದಿರುವುದೂ ಸಂಭವಿಸುತ್ತವೆ. ಪುಸ್ತಕ ಮತ್ತು ಓದುಗ ಪರಸ್ಪರ ಸಂಧಿಸಬೇಕೆಂಬ ರಂಗನಾಥನ್ ಅವರ ಆಶಯ ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ.

ಆಡಳಿತದಲ್ಲಿಯೂ ಓದುಗನ ದನಿ ಪರೋಕ್ಷವಾದುದು. ಕಾಯಿದೆಯಂತೆ ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಮಹಾಪೌರರೇ ಅಧ್ಯಕ್ಷರು. ಚುನಾಯಿತ ಪ್ರತಿನಿಧಿಯ ಮೂಲಕ ಪೌರನ ಅಭಿಪ್ರಾಯ ಅಲ್ಲಿಗೆ ತಲುಪಬೇಕೆಂಬುದು ಅದರ ಆಶಯ. ಆದರೆ 2006ರಿಂದ 2010ರವರೆಗೆ, ಮತ್ತೆ 2020ರ ಸೆಪ್ಟೆಂಬರಿನ ಅನಂತರ ವರ್ಷಗಟ್ಟಲೆ ಬೆಂಗಳೂರಿಗೆ ಚುನಾಯಿತ ಪರಿಷತ್ತೇ ಇರಲಿಲ್ಲ. ಕಂದಾಯದೊಡನೆ ವಸೂಲಾದ ಕರವನ್ನು ಮಹಾನಗರ ಪಾಲಿಕೆಯು ಪೂರ್ಣವಾಗಿ ಗ್ರಂಥಾಲಯಗಳಿಗೆ ವರ್ಗಾಯಿಸದೆ ನೂರಾರು ಕೋಟಿ ರೂಪಾಯಿ ಬಾಕಿಯುಳಿದ ವಿಷಯವೂ ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ತೆರಿಗೆದಾರನು ಕೊಟ್ಟಿದ್ದಾನೆ, ಓದುಗನಿಗೆ ಅದು ತಲುಪಿಲ್ಲ. ಇಬ್ಬರೂ ಒಬ್ಬನೇ ಎಂಬುದು ಇಲ್ಲಿನ ವಿಪರ್ಯಾಸ.

ನಗರದ ಗಡಿಯ ಪ್ರಶ್ನೆಯೂ ಇದರೊಡನೆ ಸೇರಿದೆ. ಪ್ರತ್ಯೇಕ ಪುರಸಭೆಯಾಗಿದ್ದ ಕೆಂಗೇರಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು. ಬೆಂಗಳೂರು ಪಶ್ಚಿಮವೂ ಅವುಗಳಲ್ಲೊಂದು. ಗಡಿ ಬದಲಾದಂತೆ ಕರ ಯಾರಿಂದ ಯಾರಿಗೆ ಸಲ್ಲಬೇಕೆಂಬ ಲೆಕ್ಕವೂ ಬದಲಾಗುತ್ತದೆ.

ಇಂದು ವಿಜಯನಗರದ ಹಂಪಿನಗರದಲ್ಲಿರುವ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಯುವಜನರು ಎದ್ದು ಕಾಣುತ್ತಾರೆ. ಕಾದಂಬರಿಯನ್ನು ಮನೆಗೆ ಒಯ್ಯುತ್ತಿದ್ದ ಓದುಗನ ಜಾಗಕ್ಕೆ, ತನ್ನ ಪುಸ್ತಕವನ್ನೇ ತಂದು ಕುಳಿತು ಓದುವ ಓದುಗ ಬಂದಿದ್ದಾನೆ. ಇದನ್ನು ಅವನತಿಯೆಂದು ತಿಳಿಯಬೇಕಾಗಿಲ್ಲ. ಇಕ್ಕಟ್ಟಿನ ಬಾಡಿಗೆ ಕೋಣೆಯಲ್ಲಿರುವವನಿಗೆ ಮೇಜು, ಬೆಳಕು, ಮೌನ ಇವೂ ಗ್ರಂಥಾಲಯದ ಕೊಡುಗೆಗಳೇ. ಅಂದಿನ ಗುಮಾಸ್ತನ ಮನೆಯವರು ಕಾದಂಬರಿ ಬೇಡಿದಂತೆ ಇಂದಿನವರು ಸ್ಥಳವನ್ನು ಬೇಡುತ್ತಿದ್ದಾರೆ. ಗ್ರಂಥಾಲಯ ಏನಾಗಬೇಕೆಂಬುದನ್ನು ಓದುಗರೇ ತಮ್ಮ ಬಳಕೆಯಿಂದ ನಿರ್ಧರಿಸುತ್ತ ಬಂದಿದ್ದಾರೆ.

ಆದುದರಿಂದ ಎರಡು ಕೆಲಸಗಳು ಅಗತ್ಯವೆನಿಸುತ್ತವೆ. ಮೊದಲನೆಯದು, ಶಾಖಾ ಗ್ರಂಥಾಲಯಗಳ ಹಳೆಯ ಎರವಲು ವಹಿಗಳನ್ನೂ ಪರಿಗ್ರಹಣ ವಹಿಗಳನ್ನೂ ರದ್ದಿಗೆ ಹಾಕದೆ ಚಾರಿತ್ರಿಕ ದಾಖಲೆಗಳೆಂದು ಸಂರಕ್ಷಿಸುವುದು. ಕನ್ನಡ ಓದುಗನ ಚರಿತ್ರೆಗೆ ಅವುಗಳಷ್ಟು ನೇರವಾದ ಆಕರ ಬೇರೆ ದೊರೆಯುವುದು ಕಷ್ಟ. ಎರಡನೆಯದು, ಪುಸ್ತಕದ ಆಯ್ಕೆಯಲ್ಲಿ ಆಯಾ ಬಡಾವಣೆಯ ಓದುಗರಿಗೆ ಪಾಲು ನೀಡುವುದು. ಸಪ್ತಾಹದ ಒಂದು ದಿನವನ್ನಾದರೂ ಅದಕ್ಕೆ ಮೀಸಲಿಡಬಹುದು. ಆರು ದಶಕಗಳಿಂದ ಕರ ಕಟ್ಟುತ್ತ ಬಂದವರಿಗೆ ಇಷ್ಟು ಕೇಳುವ ಅಧಿಕಾರವಿದೆ.