ಗೋಡೆಯಿಂದ ಇಳಿದು ಬಂದ ಮರಗಳು

ಮಧ್ಯಪ್ರದೇಶದ ಗೊಂಡರಲ್ಲಿ ಒಂದು ನಂಬಿಕೆಯಿದೆ. ಹಗಲು ಹೊತ್ತು ಮರಗಳಿಗೆ ಬಿಡುವೇ ಇಲ್ಲ. ನೆರಳು ಕೊಡಬೇಕು, ಹಣ್ಣು ಕೊಡಬೇಕು, ಹಕ್ಕಿಗೆ, ದನಕ್ಕೆ, ಮನುಷ್ಯರಿಗೆ ಬೇಕಾದ್ದನ್ನೆಲ್ಲ ನಿಂತಲ್ಲೇ ನಿಂತು ಒದಗಿಸಬೇಕು. ಕತ್ತಲಾಗಿ ಎಲ್ಲರೂ ಮಲಗಿದ ಮೇಲೆ ಅವುಗಳ ಸ್ವಂತ ಬದುಕು ಶುರು. ಆಗ ಅವುಗಳ ನಿಜರೂಪ ಹೊರಬರುತ್ತದಂತೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದವರು ನಮ್ಮ ಸೋದರತ್ತೆ. ಪಾತ್ರೆ ತೊಳೆದಿಟ್ಟು, ಹಾಲಿಗೆ ಹೆಪ್ಪು ಹಾಕಿ, ಮನೆಮಂದಿಯೆಲ್ಲ ಮಲಗಿದ ಮೇಲೆ ಅರ್ಧ ಗಂಟೆ ಕಾದಂಬರಿ ಹಿಡಿಯುತ್ತಿದ್ದವರು.

ಈ ನಂಬಿಕೆಯನ್ನು ಆಧರಿಸಿದ ಒಂದು ಚಿತ್ರಕಥಾ ಪುಸ್ತಕವಿದೆ. ಹೆಸರು 'ದ ನೈಟ್ ಲೈಫ್ ಆಫ್ ಟ್ರೀಸ್', ಎಂದರೆ ಮರಗಳ ಇರುಳ ಬಾಳು. ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ಪ್ರಕಟಿಸಿದ್ದು. ಭಜ್ಜು ಶ್ಯಾಮ್, ದುರ್ಗಾ ಬಾಯಿ ಮತ್ತು ರಾಮ್ ಸಿಂಗ್ ಉರ್ವೇತಿ ಎಂಬ ಮೂವರು ಗೊಂಡ ಕಲಾವಿದರು ಸೇರಿ ಮಾಡಿದ್ದು. ಕಪ್ಪು ಕಾಗದದ ಮೇಲೆ ಬಣ್ಣದ ಮರಗಳು, ಪಕ್ಕದಲ್ಲಿ ನಾಲ್ಕೈದು ಸಾಲಿನ ಕಥೆ. ಮಕ್ಕಳಿಗೆಂದು ತಂದು, ಮಕ್ಕಳ ಕೈಗೆ ಕೊಡಲು ಮನಸ್ಸು ಬಾರದಂಥ ಪುಸ್ತಕ.

ಈ ಮೂವರು ಒಂದೇ ಪುಸ್ತಕದಲ್ಲಿ ಕೂಡಿದ್ದು ಹೇಗೆ ಎಂದು ಹುಡುಕಹೊರಟರೆ ಹಾದಿ ಬಹಳ ಹಿಂದಕ್ಕೆ ಹೋಗುತ್ತದೆ. ಗೊಂಡರಲ್ಲಿ ಪರ್ಧಾನರೆಂಬ ಪಂಗಡವಿದೆ. ಕಥೆ ಹಾಡುವುದೇ ಇವರ ಕುಲಕಸುಬು. ಬಾನಾ ಎಂಬ ಮೂರು ತಂತಿಯ ಪಿಟೀಲಿನಂಥ ವಾದ್ಯ ಹಿಡಿದು ಗೊಂಡರ ಮನೆಮನೆಗೆ ಹೋಗಿ ವಂಶದ ಕಥೆ, ರಾಜರ ಕಥೆ, ದೇವರ ಕಥೆ ಹಾಡಿ ಕಾಳುಕಡಿ, ಬಟ್ಟೆ ಪಡೆಯುತ್ತಿದ್ದರು. ಅವರ ದೊಡ್ಡ ದೇವರು ಬಡಾದೇವ. ಅವನು ನೆಲೆಸಿರುವುದು ಸಾಜಾ ಮರದಲ್ಲಿ. ಸಾಜಾ ಎಂದರೆ ಬೇರೇನಲ್ಲ, ನಮ್ಮ ಮಲೆನಾಡಿನ ಮತ್ತಿ ಮರ. ಬಾನಾ ನುಡಿದರೆ ಬಡಾದೇವ ಎಚ್ಚರಗೊಳ್ಳುತ್ತಾನೆ ಎಂದು ನಂಬಿಕೆ. ಶಾಮರಾವ್ ಹಿವಾಳೆ 1946ರಲ್ಲಿ ಈ ಪರ್ಧಾನರ ಮೇಲೊಂದು ಇಡೀ ಗ್ರಂಥವನ್ನೇ ಬರೆದರು. ಅವರ ಗೆಳೆಯ ವೆರಿಯರ್ ಎಲ್ವಿನ್ ಇದೇ ಜನರ ಪಾಟನ್‌ಗಢ ಎಂಬ ಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದವರು.

ಬಾನಾ ನುಡಿಸಿ ಹಾಡುತ್ತಿದ್ದವರು ಗಂಡಸರು. ಚಿತ್ರ ಬರೆಯುತ್ತಿದ್ದವರು ಹೆಂಗಸರು. ಹಬ್ಬ ಬಂತು, ಮದುವೆ ಬಂತು ಎಂದರೆ ಗೋಡೆಗೆ, ನೆಲಕ್ಕೆ ಮಣ್ಣು ಸಗಣಿ ಸಾರಿಸಿ, ಅದರ ಮೇಲೆ ಕೆಮ್ಮಣ್ಣು, ಹಳದಿ ಮಣ್ಣು, ಇದ್ದಿಲು, ಸೊಪ್ಪಿನ ರಸಗಳಿಂದ ವಿನ್ಯಾಸ ಬರೆಯುತ್ತಿದ್ದರು. ಇದಕ್ಕೆ ಡಿಗ್ನಾ ಎಂದು ಹೆಸರು. ಮುಂದಿನ ಹಬ್ಬಕ್ಕೆ ಮತ್ತೆ ಸಾರಣೆ, ಹಳೆಯದು ಅಳಿಸಿಹೋಯಿತು. ಬರೆದವಳ ಹೆಸರನ್ನು ಕೇಳಿದವರಿಲ್ಲ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಪುಂಡಿ ನಾರಿನ ಕುಂಚದಲ್ಲಿ ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ನೋಡಿದವರಿಗೆ ಇದು ಹೊಸತೆನಿಸದು. ನಮ್ಮ ಬೆಳಗಿನ ರಂಗೋಲಿಯ ಪಾಡೂ ಅದೇ ತಾನೆ?

ಕಲೆಯ ಇತಿಹಾಸ ಬರೆಯುವವರು ಗೊಂಡ ಚಿತ್ರಕಲೆಯನ್ನು ಸಾಮಾನ್ಯವಾಗಿ ಇಲ್ಲಿಂದ ಶುರು ಮಾಡುವುದಿಲ್ಲ. ಅವರಿಗೆ ಕಥೆ ಆರಂಭವಾಗುವುದು ಭೋಪಾಲದ ಭಾರತ ಭವನದಿಂದ, 1982ರ ಹೊತ್ತಿನಿಂದ. ಚಿತ್ರಕಾರ ಜೆ. ಸ್ವಾಮಿನಾಥನ್ ಅಲ್ಲಿನ ಕಲಾಸಂಗ್ರಹಾಲಯಕ್ಕಾಗಿ ಹಳ್ಳಿಹಳ್ಳಿಗೆ ತಂಡಗಳನ್ನು ಕಳಿಸಿದರು. ಪಾಟನ್‌ಗಢದ ಗೋಡೆಯೊಂದರ ಮೇಲಿನ ಚಿತ್ರ ಕಣ್ಣಿಗೆ ಬಿತ್ತು. ಬರೆದವನು ಜಂಗಢ್ ಸಿಂಗ್ ಶ್ಯಾಮ್ ಎಂಬ ಇಪ್ಪತ್ತರ ಆಸುಪಾಸಿನ ಪರ್ಧಾನ ಹುಡುಗ. ಅವನು ಭೋಪಾಲಕ್ಕೆ ಬಂದ, ಕಾಗದ, ಕ್ಯಾನ್ವಾಸ್, ಪೋಸ್ಟರ್ ಬಣ್ಣ ಹಿಡಿದ. ಪುರುಷರು ಹಾಡುತ್ತಿದ್ದ ದೇವರುಗಳಿಗೆ ಅವನ ಕೈಯಲ್ಲಿ ರೂಪ ಬಂತು, ಚುಕ್ಕೆ ಗೆರೆಗಳ ಮೈ ಬಂತು. 1989ರಲ್ಲಿ ಅವನ ಚಿತ್ರಗಳು ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ಪ್ರದರ್ಶನದಲ್ಲಿದ್ದವು. ಊರಿನಿಂದ ನೆಂಟರಿಷ್ಟರನ್ನೆಲ್ಲ ಕರೆಸಿಕೊಂಡ, ಕೆಲಸ ಕಲಿಸಿದ. ಈ ಶೈಲಿಗೆ 'ಜಂಗಢ್ ಕಲಮ್' ಎಂದೇ ಹೆಸರಾಯಿತು. 2001ರಲ್ಲಿ, ಜಪಾನಿನ ಮ್ಯೂಸಿಯಂ ಒಂದಕ್ಕೆ ಚಿತ್ರ ಬರೆಯಲು ಹೋಗಿದ್ದಾಗ, ಅಲ್ಲೇ ಆತ್ಮಹತ್ಯೆ ಮಾಡಿಕೊಂಡ. ಇನ್ನೂ ನಲವತ್ತರ ಹತ್ತಿರದ ಪ್ರಾಯ.

ಜಂಗಢ್ ದೊಡ್ಡ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಗಂಡಸಿನ ಹೆಸರಿನಿಂದ ಒಂದು ಕಲೆಯ ಚರಿತ್ರೆ ಶುರುವಾದರೆ, ಅವನಿಗಿಂತ ಮುಂಚೆ ಗೋಡೆ ಸಾರಿಸಿ ಬರೆದ ತಾಯಂದಿರು ಎಲ್ಲಿ ಹೋದರು ಎಂದು ನಾವಾದರೂ ಕೇಳಬೇಕಲ್ಲ!

ಅದಕ್ಕೇ ನನಗೆ ಈ ಪುಸ್ತಕದ ಮೂವರಲ್ಲಿ ದುರ್ಗಾ ಬಾಯಿ ಮುಖ್ಯರೆನಿಸುತ್ತಾರೆ. ಈಗಿನ ದಿಂಡೋರಿ ಜಿಲ್ಲೆಯ ಬುರ್ಬಾಸ್‌ಪುರ ಎಂಬ ಹಳ್ಳಿಯವರು. ಶಾಲೆಗೆ ಹೋದವರಲ್ಲ. ಚಿಕ್ಕಂದಿನಲ್ಲೇ ತಾಯಿಯ ಜೊತೆ ಡಿಗ್ನಾ ಬರೆದು ಕೈ ಪಳಗಿದವರು. ಗಂಡ ಸುಭಾಷ್ ವ್ಯಾಮ್ ಕೂಡ ಕಲಾವಿದ. ಸುಭಾಷರ ಅಕ್ಕತಂಗಿಯರಲ್ಲೊಬ್ಬರಾದ ನನ್ಕುಸಿಯಾ ಜಂಗಢ್‌ನ ಹೆಂಡತಿ, ಅವರೂ ಚಿತ್ರ ಬರೆಯುವವರೇ. ಭಜ್ಜು ಶ್ಯಾಮ್ ಜಂಗಢ್‌ಗೆ ಅಣ್ಣನ ಮಗನ ವರಸೆ. ಭೋಪಾಲಕ್ಕೆ ಬಂದು ರಾತ್ರಿ ಕಾವಲುಗಾರನಾಗಿ ದುಡಿದು, ಆಮೇಲೆ ಚಿಕ್ಕಪ್ಪನ ಕೈಕೆಳಗೆ ಕುಂಚ ಹಿಡಿದವರು. ರಾಮ್ ಸಿಂಗ್ ಉರ್ವೇತಿಯೂ ಜಂಗಢ್‌ನ ಗರಡಿಯವರೇ. ಇವರಿಬ್ಬರೂ ಲಂಡನ್ನಿನ ಒಂದು ಹೋಟೆಲಿನ ಗೋಡೆಗೆ ಚಿತ್ರ ಬರೆಯಲು ಹೋಗಿದ್ದರು. ಅಲ್ಲಿ ಕಂಡದ್ದನ್ನು ಭಜ್ಜು 2004ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಬಿಗ್ ಬೆನ್ ಗಡಿಯಾರ ಒಂದು ಹುಂಜ! ಹೊತ್ತು ಹೇಳುವುದು ಇಬ್ಬರ ಕೆಲಸವೂ ತಾನೆ.

ಮರಗಳ ಪುಸ್ತಕದಲ್ಲಿ ಒಬ್ಬರು ಕಥೆ, ಇನ್ನೊಬ್ಬರು ಚಿತ್ರ ಎಂಬ ಹಂಚಿಕೆಯಿಲ್ಲ. ಮೂವರೂ ತಮ್ಮ ತಮ್ಮ ಮರಗಳನ್ನು ಬರೆದರು, ಅವುಗಳ ಕಥೆಯನ್ನು ಬಾಯಿಮಾತಿನಲ್ಲಿ ಹೇಳಿದರು. ಪ್ರಕಾಶನದವರು ಅದನ್ನು ಕೇಳಿ ಚಿಕ್ಕದಾಗಿ ಇಂಗ್ಲಿಷಿಗೆ ತಂದರು. ಒಂದು ಪುಟದಲ್ಲಿ ಭೂಮಿಯನ್ನು ಸುತ್ತಿ ಹಿಡಿದಿರುವ ಸರ್ಪವಿದೆ. ಮರದ ಬೇರೂ ಭೂಮಿಯನ್ನು ಹಾಗೆಯೇ ಸುತ್ತಿ ಹಿಡಿದಿದೆ, ಆದ್ದರಿಂದ ಹಾವು ಬರೆದರೂ ಭೂಮಿ ಬರೆದರೂ ಒಂದೇ ಎಂಬುದು ಅವರ ಲೆಕ್ಕ. ಇನ್ನೊಂದರಲ್ಲಿ ಬೇರೆಬೇರೆ ಜಾತಿಯ ಇಬ್ಬರು ಪ್ರೇಮಿಗಳು. ಕೂಡಿ ಬಾಳಲಾಗದೆ ಕಾಡಿನಲ್ಲಿ ಪ್ರಾಣ ಬಿಟ್ಟರು. ಒಬ್ಬರು ಗಾಂಜಾ ಗಿಡವಾದರು, ಇನ್ನೊಬ್ಬರು ಮಹುವಾ, ಎಂದರೆ ಹಿಪ್ಪೆ ಮರವಾದರು. ಬದುಕಿದ್ದಾಗ ಒಂದಾಗಲು ಬಿಡದ ಊರಿಗೆ, ಸತ್ತ ಮೇಲೆ ಅವರದೇ ಅಮಲು.

ಪುಸ್ತಕ ತಯಾರಾಗುವ ಬಗೆಯೂ ಮನೆಗೆಲಸದಷ್ಟೇ ತಾಳ್ಮೆಯದು. ಎಲ್ಲವೂ ರೇಷ್ಮೆತೆರೆ ಮುದ್ರಣ, ಎಂದರೆ ಸ್ಕ್ರೀನ್ ಪ್ರಿಂಟಿಂಗ್. ಒಂದೊಂದು ಬಣ್ಣಕ್ಕೂ ಬೇರೆ ತೆರೆ. ಹಾಳೆಯಿಟ್ಟು, ತೆರೆ ಇಳಿಸಿ, ಬಣ್ಣ ಎಳೆದು, ಒಣಗಲು ಹಾಕಬೇಕು. ಒಣಗಿದ ಮೇಲೆ ಅದೇ ಹಾಳೆಗೆ ಮುಂದಿನ ಬಣ್ಣ. ಕೂದಲೆಳೆಯಷ್ಟು ಸರಿದರೂ ಮರದ ಎಲೆ ಒಂದು ಕಡೆ, ಬಣ್ಣ ಇನ್ನೊಂದು ಕಡೆ. ಕೊನೆಗೆ ಕೈಯಲ್ಲೇ ಹೊಲಿಗೆ. ಪ್ರತಿಯೊಂದಕ್ಕೂ ಅದರದೇ ಸಂಖ್ಯೆ. ಚೆನ್ನೈನ ಆ ಮುದ್ರಣಶಾಲೆಯ ಕೆಲಸಗಾರರನ್ನೂ ಈ ಪುಸ್ತಕದ ಕಲಾವಿದರ ಸಾಲಿಗೇ ಸೇರಿಸಬೇಕೆಂದು ನನ್ನ ವಾದ. 2008ರಲ್ಲಿ ಇಟಲಿಯ ಬೊಲೊನಾ ಮಕ್ಕಳ ಪುಸ್ತಕ ಮೇಳದಲ್ಲಿ ಇದಕ್ಕೆ 'ನ್ಯೂ ಹೊರೈಜನ್ಸ್' ಪ್ರಶಸ್ತಿ ಬಂತು. ಭಜ್ಜು ಶ್ಯಾಮ್‌ಗೆ 2018ರಲ್ಲಿ, ದುರ್ಗಾ ಬಾಯಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಮುಖಪುಟ. ಜಾನಪದ ಎಂದ ಕೂಡಲೇ ಅದು ಎಲ್ಲರದು, ಯಾರದೂ ಅಲ್ಲ ಎನ್ನುವುದು ವಾಡಿಕೆ. ಸಂಗ್ರಹಿಸಿದವರ ಹೆಸರು ದಪ್ಪಕ್ಷರದಲ್ಲಿ, ಹೇಳಿದ ಅಜ್ಜಿಯ ಹೆಸರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಲ್ಲಿ ಕರ್ತೃಗಳ ಜಾಗದಲ್ಲಿ ಮೂವರ ಹೆಸರೂ ಇದೆ. ಅವರಲ್ಲೊಬ್ಬಳು ಡಿಗ್ನಾ ಬರೆಯುತ್ತಿದ್ದವಳು.

ದುರ್ಗಾ ಬಾಯಿ ಅಲ್ಲಿಗೇ ನಿಲ್ಲಲಿಲ್ಲ. 2011ರಲ್ಲಿ ಅವರೂ ಸುಭಾಷರೂ ಸೇರಿ 'ಭೀಮಾಯನ' ಎಂಬ ಅಂಬೇಡ್ಕರರ ಚಿತ್ರಜೀವನಕ್ಕೆ ಚಿತ್ರ ಬರೆದರು. ಕಾಮಿಕ್ಸಿನಂತೆ ಚೌಕದೊಳಗೆ ಜನರನ್ನು ಕೂಡಿಹಾಕಲು ಗಂಡಹೆಂಡಿರಿಬ್ಬರೂ ಒಪ್ಪಲಿಲ್ಲ. ಉಸಿರುಕಟ್ಟುತ್ತದೆ ಎಂದರು. ಮೆತ್ತಗಿನ ಮಾತುಗಳನ್ನು ಹಕ್ಕಿಯ ಆಕಾರದೊಳಗೆ ಬರೆಸಿದರು, ಜಾತಿಯ ವಿಷ ಕಾರುವವರ ಮಾತಿಗೆ ಚೇಳಿನ ಕೊಂಡಿ ಇಟ್ಟರು. ಒಂದು ದೃಶ್ಯವನ್ನೂ ಇನ್ನೊಂದನ್ನೂ ಬೇರ್ಪಡಿಸಲು ನಡುವೆ ಏನು ಬರೆಯುವುದು ಎಂಬ ಪ್ರಶ್ನೆ ಬಂದಾಗ ಅವರು ಎಳೆದದ್ದು ಡಿಗ್ನಾದ ಪಟ್ಟಿಯನ್ನು.